ಅಶ್ವತ್ಥಕಟ್ಟೆಯ ಧಾವನ ಪ್ರದಕ್ಷಿಣೆ

ಮಂಡ್ಯದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ತನ್ನ ಮನೆಯಲ್ಲಿ ರಾತ್ರಿ ತಂಗಿದವರನ್ನು ಬೆಳಿಗ್ಗೆ ಪಾರ್ಕಿಗೆ ಕರೆದುಕೊಂಡು ಹೋಗದೆ ಅವನು ಬಿಡುವುದಿಲ್ಲ. ಹೋದ ತಿಂಗಳು ನನಗೂ ಆ ಭಾಗ್ಯ ಒದಗಿತು. ರಾತ್ರಿಯ ಮಳೆ ನಿಂತು, ನೆಲಕ್ಕೆ ಬಿದ್ದ ಅರಳಿ ಎಲೆಗಳು ನೆನೆದು, ಒಂದು ಬಗೆಯ ಕಮಟು ವಾಸನೆ ಎದ್ದಿತ್ತು. ವಕೀಲರು, ವರ್ತಕರು, ನಿವೃತ್ತ ತಹಸೀಲ್ದಾರರು ಬಿಳಿ ಬೂಟು ತೊಟ್ಟು, ಯಾವ ಊರಿಗೂ ಹೋಗದ ದಾರಿಯಲ್ಲಿ ಗಂಭೀರವಾಗಿ ಸುತ್ತು ಹಾಕುತ್ತಿದ್ದರು. ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, ತಾವು ನುಂಗುವ ಮಾತ್ರೆಗಳ ಹೆಸರನ್ನೂ ತಮ್ಮ ನಡಿಗೆಯ ವೇಗವನ್ನೂ ಬಿರುದಾವಳಿಯಂತೆ ಒಪ್ಪಿಸಿದರು. ಭಕ್ತಿಯಿಂದ ಕೇಳಿಕೊಂಡೆ. ಇವೆರಡನ್ನೂ ಹೀಗೆ ಗಟ್ಟಿ ದನಿಯಲ್ಲಿ ಹೇಳಿಕೊಳ್ಳುವ ಕಾಲ ಬಂತಲ್ಲ ಎಂದು ಸಂತೋಷವಾಯಿತು. ಅದರ ಬೆನ್ನಿಗೇ ಹಳೆಯ ನಾಚಿಕೆ ಬಂದು ಕತ್ತಿನ ಹಿಂಭಾಗ ಬಿಸಿಯಾಯಿತು.

ಎಪ್ಪತ್ತರ ದಶಕದ ನಡುವೆ, ಮಳವಳ್ಳಿಯಲ್ಲಿ, ಒಂದು ಮಳೆಗಾಲ ಪೂರ್ತಿ ನಾನು ಮಾತ್ರೆಯನ್ನೂ ನುಂಗಿದ್ದೇನೆ, ಸುತ್ತನ್ನೂ ಹಾಕಿದ್ದೇನೆ. ಮೊದಲನೆಯದನ್ನು ಊರಿಗೆ ಕಾಣದಂತೆ ಮುಚ್ಚಿಟ್ಟಿದ್ದೆವು. ಎರಡನೆಯದಕ್ಕೆ ದೇವರ ಹೆಸರಿಟ್ಟಿದ್ದೆವು.

ಆಗ ನಾನು ಮದ್ದೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು. ವಯಸ್ಸು ಮೂವತ್ತು ತುಂಬಿರಲಿಲ್ಲ, ಮದುವೆಯಾಗಿರಲಿಲ್ಲ, ತಲೆ ಕೆಟ್ಟಿತು. ಇದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳುವ ಮಾತುಗಳಿವೆ. ವೈದ್ಯರು ಒಂದು ಉದ್ದನೆಯ ಇಂಗ್ಲಿಷ್ ಹೆಸರನ್ನೂ ಕೊಟ್ಟರು. ಮೊದಲು ಬಾಡಿಗೆ ಕೋಣೆಯ ಗೋಡೆಯಿಂದ ಒಂದು ದನಿ ಬಂತು. ಆಮೇಲೆ ಇನ್ನೊಂದು. ಕೊನೆಗೆ ಒಂದು ಪಂಚಾಯಿತಿಯೇ ನನ್ನ ಕಿವಿಯಲ್ಲಿ ಸಭೆ ಸೇರಿ, ಹಗಲೂ ರಾತ್ರಿ ಒಂದೇ ವಿಷಯದ ಮೇಲೆ ಚರ್ಚೆ ನಡೆಸಿತು: ಇವನ ಅನ್ನಕ್ಕೆ ವಿಷ ಬೆರೆಸುತ್ತಿದ್ದಾರೆ. ನಾನು ಊಟ ಬಿಟ್ಟೆ, ನಿದ್ದೆ ಬಿಟ್ಟೆ, ಶಾಲೆ ಬಿಟ್ಟೆ. ಮಳವಳ್ಳಿಯ ಈಶ್ವರನ ಗುಡಿಯಲ್ಲಿ ಅರ್ಚಕರಾಗಿದ್ದ ನಮ್ಮಪ್ಪ ಬಂದು ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು.

ಊರಿಗೆ ಹಿಂತಿರುಗಿದಾಗ ಕಾಮಾಲೆ ಎಂದು ಹೇಳಿದೆವು. ಕಾರಣವಿತ್ತು. ನನ್ನ ತಂಗಿ ವಿಶಾಲಾಕ್ಷಿಗೆ ಮಂಡ್ಯದಿಂದ ಒಂದು ಸಂಬಂಧ ಕೂಡಿಬರುವ ಹಾಗಿತ್ತು. ಅಣ್ಣನಿಗೆ ಕಾಮಾಲೆಯಾದರೆ ಬೀಗರು ಎಳನೀರು ಕಳಿಸುತ್ತಾರೆ. ಹುಚ್ಚಾದರೆ ಜಾತಕ ವಾಪಸ್ಸು ಕಳಿಸುತ್ತಾರೆ. ಅಮ್ಮ ಹೋಗಿ ಬಹಳ ವರ್ಷಗಳಾಗಿದ್ದವು. ಮನೆ ನಡೆಸುತ್ತಿದ್ದ ವಿಶಾಲೂ ನನ್ನ ಮಾತ್ರೆಗಳನ್ನು ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟಳು. ನೆರೆಯವರು ಕಾಫಿಪುಡಿ, ಸಕ್ಕರೆ, ಹುಣಸೆಹಣ್ಣು ಎಲ್ಲವನ್ನೂ ಕಡ ಕೇಳಿಕೊಂಡು ಬರುತ್ತಾರೆ, ಮೆಂತ್ಯ ಕೇಳಿ ಬಂದವರನ್ನು ಅವಳು ಕಂಡಿರಲಿಲ್ಲ.

ಮಾತ್ರೆಯಿಂದ ಪಂಚಾಯಿತಿ ಬರಖಾಸ್ತಾಯಿತು. ಆದರೆ ಸಭೆ ಮುಗಿದ ಮೇಲೆ ಆ ಚಾವಡಿಯಲ್ಲಿ ಯಾರೂ ಉಳಿಯಲಿಲ್ಲ, ನಾನು ಸಹ. ಕೈ ನಡುಗುತ್ತಿತ್ತು, ನಾಲಿಗೆ ಒಣಗುತ್ತಿತ್ತು. ಅವೆಲ್ಲ ಇರಲಿ. ಪುಸ್ತಕ ತೆರೆದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಮಾಯ. ವಿಶಾಲೂ ಸಂತೆಗೆ ಕಳಿಸಿದರೆ, ಕೊತ್ತಂಬರಿ, ಬೆಲ್ಲ, ಬತ್ತಿಗೆ ಹತ್ತಿ ಎಂದು ಬಾಯಲ್ಲಿ ಜಪಿಸುತ್ತ ಹೋಗಿ, ಸಂತೆಯ ನಡುವೆ ನಿಂತು, ಬರಿಗೈಯಲ್ಲಿ ಬರುತ್ತಿದ್ದೆ. ಮಕ್ಕಳಿಗೆ ಹಳಗನ್ನಡ ಬಿಡಿಸಿ ಹೇಳುತ್ತಿದ್ದವನು ಹತ್ತಿ ಮರೆತು ಬಂದೆನೆಂದು ತಂಗಿಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಏನೆಂದು ನಿಂತವರಿಗೇ ಗೊತ್ತು.

ಮತ್ತೆ ಬೆಂಗಳೂರಿಗೆ ಹೋದೆವು. ವೈದ್ಯರು ನಡುವಯಸ್ಸಿನವರು, ಕಡಿಮೆ ಮಾತಿನವರು. ಅಪ್ಪ ಕೇಳಿದರು: "ದನಿಗಳು ಹೋದವು ಸ್ವಾಮಿ. ಬುದ್ಧಿ ಬರಲಿಲ್ಲ. ಇನ್ನೊಂದು ಮಾತ್ರೆ ಇದ್ದರೆ ಕೊಡಿ."

"ಅದಕ್ಕೆ ಮಾತ್ರೆ ನನ್ನ ಹತ್ತಿರ ಇಲ್ಲ," ಎಂದರು ವೈದ್ಯರು. "ಇದನ್ನು ಬಿಡಬಾರದು, ಬಿಟ್ಟರೆ ದನಿಗಳು ವಾಪಸ್ಸು ಬರ್ತವೆ. ಇದರ ಜೊತೆಗೆ ದಿನಾ ನಡೀಬೇಕು. ದೇವಸ್ಥಾನಕ್ಕೆ ಹೋಗಿಬರೋ ನಡಿಗೆ ಅಲ್ಲ. ಎದೆ ಬಡ್ಕೋಬೇಕು, ಬೆನ್ನು ಬೆವರಬೇಕು. ನಡೆದು ಬಂದ ಮೇಲೆ ತಲೆಗೂ ಸ್ವಲ್ಪ ಕೆಲಸ ಕೊಡಿ. ಪುಸ್ತಕದಲ್ಲಿ ಬರೆದಿದ್ದಾರೆ ಅಂತ ಹೇಳ್ತಿಲ್ಲ. ಹೀಗೆ ಮಾಡಿದ ಕೆಲವರ ಬುದ್ಧಿ ಚುರುಕಾಗಿದ್ದನ್ನ ಕಂಡಿದ್ದೀನಿ. ಆದರೆ ಮಾತ್ರೆ, ನಡಿಗೆ ಎರಡೂ ಬೇಕು. ಒಂದೇ ಆದರೆ ಆಗಲ್ಲ."

ಸಲಹೆ ಸುಲಭವಾಗಿತ್ತು. ಮಳವಳ್ಳಿ ಸುಲಭವಾಗಿರಲಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಕೆಲಸವಿಲ್ಲದೆ ಯಾರೂ ನಡೆಯುತ್ತಿರಲಿಲ್ಲ. ಕೆಲಸವಿದ್ದವರೂ ಬಸ್ಸು ಸಿಕ್ಕರೆ ಹತ್ತುತ್ತಿದ್ದರು. ಮೊದಲ ದಿನ ಶಿವನಸಮುದ್ರದ ರಸ್ತೆಯಲ್ಲಿ ಬಿರಬಿರನೆ ಹೊರಟೆ. ಕಬ್ಬಿನ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾರ್ಗೇನಾಯ್ತು ಸ್ವಾಮಿ, ಇಂಗ್ ಓಡ್ತಾ ಇದ್ದೀರಿ?" ಎಂದ. ಎರಡನೆಯ ದಿನ ಖಾಸಗಿ ಬಸ್ಸಿನ ಕಂಡಕ್ಟರು ನನಗಾಗಿ ಬಸ್ಸು ನಿಲ್ಲಿಸಿ, "ಅತ್ತಿ ಮೇಷ್ಟ್ರೆ, ಕಾಸ್ ಆಮೇಲ್ ಕೊಡೀರಂತೆ," ಎಂದು ಕೈ ಹಿಡಿದು ಎಳೆದ. ಇಳಿಯುವುದು ಕಷ್ಟವಾಯಿತು. ನಾಲ್ಕಾರು ದಿನದಲ್ಲಿ ಊರು ತೀರ್ಪು ಬರೆಯಿತು: ಕಾಮಾಲೆಯವನು ಹೀಗೆ ಓಡಾಡುವುದಿಲ್ಲ. ಅಯ್ನೋರ ಮಗನಿಗೆ ಗಾಳಿ ಸೋಕಿದೆ.

ಅಪ್ಪ ಒಂದು ದಿನ ಪೂರ್ತಿ ಯೋಚಿಸಿದರು. ಗಾಳಿ ಸೋಕುವುದು ಹುಚ್ಚಿನಷ್ಟು ಕೀಳಲ್ಲ ಎಂದು ಅವರಿಗೆ ಹೊಳೆಯಿತು. ಗಾಳಿ ಹೊರಗಿನಿಂದ ಬಂದದ್ದು, ವಂಶದ್ದಲ್ಲ, ದೇವರು ಬಿಡಿಸಿದನೆಂದರೆ ಮದುವೆಗೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕೆರೆ ಏರಿಯ ಪಕ್ಕದ ಅಶ್ವತ್ಥಕಟ್ಟೆಗೆ ಕರೆದುಕೊಂಡು ಹೋಗಿ, ನಾಗರಕಲ್ಲುಗಳಿಗೆ ನೀರು ಹಾಕಿ, "ಸುತ್ತು," ಎಂದರು. ಮರ ಸುತ್ತುವವನನ್ನು ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ.

ಒಂದೇ ತೊಡಕು. ಪ್ರದಕ್ಷಿಣೆಯನ್ನು ತುಂಬು ಗರ್ಭಿಣಿ ನಡೆದಂತೆ ಮೆಲ್ಲಗೆ ಮಾಡಬೇಕೆಂಬುದು ಶಾಸ್ತ್ರ. ಅದನ್ನು ಊರಿಗೆಲ್ಲ ಕಲಿಸಿದವರೇ ಅಪ್ಪ. ಈಗ ಅವರ ಮಗ ಪಂಚೆ ಎತ್ತಿಕಟ್ಟಿ ಕಟ್ಟೆಯ ಸುತ್ತ ಕುದುರೆಯಂತೆ ಧಾವಿಸುತ್ತಿದ್ದ. ಒಬ್ಬ ವೃದ್ಧರು ಆಕ್ಷೇಪಿಸಿದಾಗ ಅಪ್ಪ ಕಣ್ಣು ಮುಚ್ಚಿ, "ಇದು ಧಾವನ ಪ್ರದಕ್ಷಿಣೆ. ಅಪರೂಪದ ವಿಧಿ," ಎಂದರು. ಅಲ್ಲಿಯವರೆಗೆ ಅಪ್ಪ ಸುಳ್ಳು ಹೇಳಿದವರಲ್ಲ. ಹೇಳಲೇಬೇಕಾಗಿ ಬಂದಾಗ ಸಂಸ್ಕೃತದಲ್ಲಿ ಹೇಳಿದರು.

ಇನ್ನು ಹೆಂಗಸರು. ಅಶ್ವತ್ಥಮರ ಸುತ್ತುವುದು ಮಕ್ಕಳಾಗದ ಹೆಂಗಸರ ಹಕ್ಕು. ಒದ್ದೆ ಸೀರೆಯಲ್ಲಿ ಸುತ್ತುತ್ತಿದ್ದ ಅವರ ನಡುವೆ ನಾನೊಬ್ಬ ಬ್ರಹ್ಮಚಾರಿ ನುಗ್ಗಿ ನುಗ್ಗಿ ಮುಂದೆ ಹೋಗುತ್ತಿದ್ದೆ.

"ಮೇಷ್ಟ್ರಿಗೂ ಮಕ್ಳು ಬೇಕಂತೆ ಕಣಮ್ಮ."

"ಅಂಗಾರೆ ಮೊದ್ಲು ಎಂಡ್ತಿ ಬ್ಯಾಡ್ವಾ?"

"ಅದುಕ್ಕೇ ಆ ಪಾಟಿ ಓಡ್ತಾ ಅವ್ರೆ ಕಣೆ, ಒತ್ತಾಗೋಗದೆ!"

ನಾನು ತಲೆ ಎತ್ತದೆ ಸುತ್ತಿದೆ. ನಾಲೆಗೆ ನೀರು ಬಿಟ್ಟರು, ಗದ್ದೆಗಳಲ್ಲಿ ನಾಟಿಯಾಯಿತು, ಶ್ರಾವಣದ ಜಿಟಿಜಿಟಿ ಹಿಡಿಯಿತು, ಕಟ್ಟೆಯ ಚಪ್ಪಡಿಗಳ ಮೇಲೆ ಪಾಚಿ ಕಟ್ಟಿ ಎರಡು ಸಲ ಜಾರಿ ಬಿದ್ದೆ. ಪ್ರತಿದಿನ ಬೆಳಿಗ್ಗೆ ತೀರ್ಥದ ಜೊತೆ ಮಾತ್ರೆ. ಆಮೇಲೆ ಬೆನ್ನು ಬೆವರುವವರೆಗೆ ಮರ. ಮನೆಗೆ ಬಂದ ಕೂಡಲೆ ವಿಶಾಲೂವಿನ ಪರೀಕ್ಷೆ. ಹೊರಡುವಾಗ ಅವಳು ಮೂರು ಸಾಮಾನಿನ ಹೆಸರು ಹೇಳುವಳು, ಬಂದಾಗ ನಾನು ಒಪ್ಪಿಸಬೇಕು. ಮೂರು ನಾಲ್ಕಾಯಿತು, ನಾಲ್ಕು ಆರಾಯಿತು. ಗೌರಿಹಬ್ಬದ ಹೊತ್ತಿಗೆ ಅವಳು ಸಾಮಾನು ಬಿಟ್ಟು ಮಂಡ್ಯದ ಗಂಡಿನ ಮನೆಯವರ ಹೆಸರುಗಳನ್ನು ಹೇಳತೊಡಗಿದಳು: ಮಾವ, ಅತ್ತೆ, ಇಬ್ಬರು ನಾದಿನಿಯರು, ಒಬ್ಬ ಕಿವುಡ ಚಿಕ್ಕಪ್ಪ. ಎಲ್ಲರನ್ನೂ ಒಪ್ಪಿಸಿದೆ. "ಪರವಾಗಿಲ್ಲ, ನನಗಿಂತ ನೀನೇ ಚೆನ್ನಾಗಿ ಸಂಸಾರ ಮಾಡ್ತೀಯ ಅಣ್ಣಯ್ಯ," ಎಂದು ನಕ್ಕಳು. ಆ ರಾತ್ರಿ ಒಂದು ಪುಟ ಓದಿದೆ, ಮರುದಿನ ಎದ್ದಾಗ ಅದು ತಲೆಯಲ್ಲಿ ಇತ್ತು. ಹಾಸಿಗೆಯ ಮೇಲೆ ಕೂತು ಸ್ವಲ್ಪ ಅತ್ತೆನೆಂದು ಕಾಣುತ್ತದೆ.

ನನ್ನ ಮುಖದ ಕಳೆ ಊರಿಗೂ ಕಂಡಿತು. ಹೆಂಗಸರ ಗೇಲಿ ನಿಂತು ಗೌರವ ಶುರುವಾಯಿತು. ಗೌರವವೇ ಹೆಚ್ಚು ನಾಚಿಕೆಯದಾಗಿತ್ತು. ಯಾರೋ ನನ್ನ ಕಾಲು ಮುಟ್ಟಿದರು. ಕೂಸುಗಳನ್ನು ನನ್ನ ನೆರಳಿಗೆ ಒಡ್ಡಿದರು. ಮೆಂತ್ಯದ ಘಾಟು ಇನ್ನೂ ನಾಲಿಗೆಯ ಮೇಲಿರುವಾಗಲೇ ನಾನು ಕೈ ಎತ್ತಿ ಹರಸಿದ್ದೂ ಉಂಟು.

ಹೀಗಿರುವಾಗ ಸಣ್ಣಮ್ಮ ಬಂದಳು. ಹತ್ತಿರದ ಹಳ್ಳಿಯ ಗೌಡರ ಮನೆಯ ಹೆಂಗಸು; ಗಂಡನಿಲ್ಲ, ಗದ್ದೆಯಿದೆ, ಒಬ್ಬನೇ ಮಗ ಪುಟ್ಟಸ್ವಾಮಿ, ಇಪ್ಪತ್ತೆರಡು ಇಪ್ಪತ್ಮೂರರ ಗಟ್ಟಿ ಆಳು. ಅವನ ಕೈ ನಡುಗುವ ರೀತಿ ನೋಡಿದ ಕೂಡಲೆ ನನಗೆ ತಿಳಿಯಿತು. ನಡುಗುವ ಕೈಗಳು ಒಂದನ್ನೊಂದು ಗುರುತು ಹಿಡಿಯುತ್ತವೆ.

"ಸ್ವಾಮಿ, ನಿಮ್ಗೆ ಗಾಳಿ ಸೋಕಿತ್ತಂತೆ, ಈ ಮರ ಬುಡುಸ್ತಂತೆ," ಎಂದಳು. "ನನ್ ಮಗುಂಗೂ ಅಂಗೇ ಆಗದೆ. ಬೆಂಗ್ಳೂರ್ಗೆ ಓಗಿ ಮಾತ್ರೆ ತಂದಿದ್ದೋ. ತಿಂದು ತಿಂದು ಬೊಂಬೆ ಆಗೋದ. ಈಗ ಮಾತ್ರೆನೆಲ್ಲ ಬಾವಿಗೆ ಆಕ್ಬುಟ್ಟೆ. ನಿಮ್ ಇಂದೆ ಸುತ್ತುಸ್ತೀನಿ, ಕರಕೊಂಡ್ ಓಗಿ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನಾಗರಕಲ್ಲಿನ ಕಡೆ ನೋಡಿದರು. ಬರುವ ಶುಕ್ರವಾರದ ಮುಂದಿನ ಶುಕ್ರವಾರ ಮಂಡ್ಯದವರು ತಾಂಬೂಲ ಬದಲಿಸಲು ಬರುವವರಿದ್ದರು. ಪಂಚೆ ಎತ್ತಿಕಟ್ಟಿ ಸುತ್ತತೊಡಗಿದೆ. ಪುಟ್ಟಸ್ವಾಮಿ ನನ್ನ ಹಿಂದೆ ನಡೆಯತೊಡಗಿದ.

ಮೊದಲ ದಿನಗಳಲ್ಲಿ ಅವನು ಚಿಗುರಿದ. ಮಾತ್ರೆಯ ಮಂಕು ಇಳಿದು ಹೆಜ್ಜೆ ಹಗುರಾಯಿತು, ನಗು ಬಂತು. ಸಣ್ಣಮ್ಮ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆಮೇಲೆ ನಗು ಸ್ವಲ್ಪ ಹೆಚ್ಚಾಯಿತು. ನಡುನಡುವೆ ನಿಂತು, ಕತ್ತು ಓರೆ ಮಾಡಿ, ಕೆರೆಯ ಕಡೆಗೆ ಕಿವಿಗೊಡುತ್ತಿದ್ದ. ಆ ಓರೆ ಕತ್ತು ನನಗೆ ಗೊತ್ತು. ಒಂದು ಬೆಳಿಗ್ಗೆ ಅವನು ಓಡಿ ಬಂದು ನನ್ನ ಪಕ್ಕ ಸೇರಿ, ಗುಟ್ಟಾಗಿ ಹೇಳಿದ:

"ಮೇಷ್ಟ್ರೆ, ನಮ್ಮವ್ವ ಮುದ್ದೆಗೆ ಏನೋ ಆಕ್ತಾವ್ಳೆ. ಇವತ್ತೂ ಉಂಡಿಲ್ಲ ನಾನು. ಅವ್ಳು ಇನ್ನೊಂದ್ಸಲ ತಟ್ಟೆ ತಂದ್ರೆ ಕೆರೆಗೆ ನೂಕ್ಬುಡ್ತೀನಿ ಕಣ್ರಿ, ಇಲ್ಲಾ ನಾನೇ ಬಿದ್ಬುಡ್ತೀನಿ."

ಕೆರೆ ತುಂಬಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಬರೋ ಶುಕ್ರವಾರ ಒಂದು ಕಳೀಲಿ ಕಣೋ," ಎಂದರು. "ಇನ್ನು ಎಷ್ಟು ದಿನ? ತಾಂಬೂಲ ಆಗಿಬಿಡ್ಲಿ, ನಾನೇ ಅವಳನ್ನ ಕರೆದು ಹೇಳ್ತೀನಿ."

ವಿಶಾಲೂ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅಷ್ಟರಲ್ಲಿ ಆ ಹುಡುಗ ಕೆರೆಗೆ ಬಿದ್ದರೆ ಆ ತಾಂಬೂಲವನ್ನ ನಾನು ಹ್ಯಾಗೆ ಜಗೀಲಿ ಅಪ್ಪ?"

"ನಿನ್ನ ಮದುವೆ ನಿಂತ್ರೆ?"

"ನಿಂತರೆ ನಿಲ್ಲುತ್ತೆ. ಅಲ್ಲಿಗೆ ಹೋಗಿ ಜೀವಮಾನ ಪೂರ್ತಿ ಮೆಂತ್ಯದ ಡಬ್ಬಿ ಕಾಯೋದು ನನ್ನಿಂದಾಗಲ್ಲ."

ಅಪ್ಪ ಎದ್ದು ಪೂಜೆಗೆ ಹೋದರು.

ಮರುದಿನ ಶನಿವಾರ. ಕಟ್ಟೆಯ ತುಂಬ ಜನ; ಅಪ್ಪ ನಾಗರಕಲ್ಲುಗಳ ಬಳಿ ತೀರ್ಥ ಕೊಡುತ್ತಿದ್ದರು. ಸಣ್ಣಮ್ಮ ಮಗನ ರಟ್ಟೆ ಹಿಡಿದು ಕರೆತಂದಳು; ಅವನ ಕಣ್ಣು ಎಲ್ಲೋ ಇತ್ತು. ನಾನು ಸುತ್ತಲಿಲ್ಲ. ಅವಳ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ಸಣ್ಣಮ್ಮ, ನನಗೆ ಗಾಳಿ ಸೋಕಿರಲಿಲ್ಲ. ನಿನ್ನ ಮಗನಿಗೆ ಬಂದಿರೋ ಕಾಯಿಲೆಯೇ ನನಗೂ ಬಂದಿತ್ತು. ಆಸ್ಪತ್ರೆಯಲ್ಲಿದ್ದೆ. ಈಗಲೂ ದಿನಾ ಮಾತ್ರೆ ತಗೋತೀನಿ. ಮಾತ್ರೆ ತಗೊಂಡು ಸುತ್ತಿದ್ದರಿಂದ ತಲೆ ತಿಳಿಯಾಯ್ತು. ಮಾತ್ರೆ ಬಿಟ್ಟು ಸುತ್ತಿದರೆ ಆಗಲ್ಲ. ಇವತ್ತೇ ಇವನನ್ನ ಕರಕೊಂಡು ಹೋಗು."

ಸಣ್ಣಮ್ಮ ನಕ್ಕುಬಿಟ್ಟಳು. "ಬುಡಿ ಸ್ವಾಮಿ. ದೊಡ್ಡೋರು ಅಂಗೇ ಏಳೋದು, ದ್ಯಾವ್ರ ಕೊಟ್ಟಿದ್ನ ತಮ್ದು ಅನ್ನಾಕಿಲ್ಲ. ಉಚ್ಚ ಎಲ್ಲಾರ ನಾನು ಉಚ್ಚ ಅಂತಾನಾ?"

ತರ್ಕ ಬಲವಾಗಿತ್ತು. ಜೇಬಿನಿಂದ ಮಾತ್ರೆಗಳನ್ನು ತೆಗೆದು ತೋರಿಸಿದೆ. ಅವಳು ಮೂಸಿ ನೋಡಿ, "ಇದು ಮೆಂತ್ಯದ ವಾಸ್ನೆ. ಒಟ್ಟೆನೋವಿಂದು ಇರ್ಬೇಕು," ಎಂದು ಪಕ್ಕದವಳಿಗೆ ಕೊಟ್ಟಳು. ಅವಳೂ ಮೂಸಿದಳು. ಹೌದು, ಹೊಟ್ಟೆನೋವಿನದೇ ಎಂದು ನಾಲ್ಕು ಜನ ಹೆಂಗಸರು ಒಮ್ಮತಕ್ಕೆ ಬಂದರು. ಹುಚ್ಚನಲ್ಲವೆಂದು ಸಾಧಿಸುವುದು ಕಷ್ಟವೆಂದು ಅಲ್ಲಿಯವರೆಗೆ ತಿಳಿದಿದ್ದೆ. ಹುಚ್ಚನಾಗಿದ್ದೆನೆಂದು ಸಾಧಿಸುವುದಕ್ಕೆ ಇಷ್ಟು ಸಾಕ್ಷಿ ಬೇಕಾಗುತ್ತದೆಂದು ಯಾರೂ ಹೇಳಿರಲಿಲ್ಲ.

ಪುಟ್ಟಸ್ವಾಮಿ ಮೆಲ್ಲಗೆ ಕೆರೆಯ ಕಡೆಗೆ ಮುಖ ತಿರುಗಿಸಿದ. ಇನ್ನು ನನ್ನ ಬಳಿ ಉಳಿದದ್ದು ಒಂದೇ. ನಮ್ಮ ಮನೆಯಲ್ಲಿ ಮೂರು ಜನರಲ್ಲಿ ಯಾರೂ ಬಾಯಿಬಿಟ್ಟು ಆಡದೆ ಇದ್ದ ಮಾತು ಅದು.

"ಕೇಳು ಸಣ್ಣಮ್ಮ," ಎಂದೆ. "ಮದ್ದೂರಿನಲ್ಲಿ ನಾನು ಊಟ ಬಿಟ್ಟಿದ್ದಾಗ ನಮ್ಮಪ್ಪ, ಇವರೇ, ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಂದರು. ಅದಕ್ಕೆ ವಿಷ ಹಾಕಿದ್ದಾರೆ ಅಂತ ದನಿ ಹೇಳ್ತು. ಬಸ್ ಸ್ಟ್ಯಾಂಡಿನಲ್ಲಿ, ಜನರೆಲ್ಲ ನೋಡ್ತಿರೋವಾಗ, ನಾನು ನನ್ನ ತಂದೆಯ ಕೆನ್ನೆಗೆ ಹೊಡೆದೆ."

ಸಣ್ಣಮ್ಮ ನನ್ನನ್ನು ನೋಡಲಿಲ್ಲ. ಅಪ್ಪನ ಕಡೆ ತಿರುಗಿದಳು.

"ದಿಟವಾ ಅಯ್ನೋರೆ?"

ಅಪ್ಪನ ಕೈಯಲ್ಲಿ ತೀರ್ಥದ ಪಾತ್ರೆಯಿತ್ತು. ಅವರಿಗೆ ಸಂಸ್ಕೃತ ಬರುತ್ತಿತ್ತು. ಒಂದು ಮಾತು ಹೇಳಿ ನನ್ನನ್ನೂ ವಿಶಾಲೂವನ್ನೂ ತಮ್ಮನ್ನೂ ಉಳಿಸಿಕೊಳ್ಳಬಹುದಿತ್ತು.

"ದಿಟ ಕಣಮ್ಮ," ಎಂದರು. "ಇವನಿಗೆ ಆಗ ನಾನು ಯಾರು ಅಂತಾನೇ ಗೊತ್ತಿರಲಿಲ್ಲ. ಧಾವನ ಪ್ರದಕ್ಷಿಣೆ ಅನ್ನೋದೂ ಯಾವ ಶಾಸ್ತ್ರದಲ್ಲೂ ಇಲ್ಲ. ನಾನು ಕಟ್ಟಿದ್ದು. ಹುಡುಗನನ್ನ ಮೊದಲು ಕರಕೊಂಡು ಹೋಗು."

ಅವಳು ಹೋದಳು. ಮಗನನ್ನು ಎರಡು ಕೈಗಳಲ್ಲೂ ಹಿಡಿದುಕೊಂಡು, ನಮಗೆ ನಮಸ್ಕಾರವನ್ನೂ ಮಾಡದೆ, ಬಸ್ಸಿನ ಕಡೆಗೆ ಓಡಿದಂತೆಯೇ ಹೋದಳು. ಉಳಿದವರು ತಮ್ಮ ಕೂಸುಗಳನ್ನು ಎತ್ತಿಕೊಂಡರು. ಮೊನ್ನೆ ನನ್ನ ಕಾಲು ಮುಟ್ಟಿದ್ದ ಹೆಂಗಸು ನಾನು ಒಂದು ಹೆಜ್ಜೆ ಮುಂದಿಟ್ಟಾಗ ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಆ ಎರಡು ಹೆಜ್ಜೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆದರೂ ಆ ದಿನದ ಸುತ್ತು ಹಾಕಿದೆ. ಬಯಲಾದ ಮೇಲೆ ಹಾಕಿದ ಮೊದಲ ಸುತ್ತು ಅದು. ಓಟದ ಬೆವರಿಗಿಂತ ಮೊದಲೇ ನಾಚಿಕೆಯ ಬೆವರಿಗೆ ಮೈಯೆಲ್ಲ ಒದ್ದೆಯಾಗಿತ್ತು.

ಸುದ್ದಿ ಮಧ್ಯಾಹ್ನದ ಬಸ್ಸು ಹತ್ತಿ ಮಂಡ್ಯ ಸೇರಿತು. ಶುಕ್ರವಾರ ಯಾರೂ ಬರಲಿಲ್ಲ. ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳಿಸಿದರು. "ಇಷ್ಟು ದಿನ ಕೂಡಿತ್ತು. ನಮ್ಮ ಊರಿನ ಬಸ್ಸಿಗೆ ಗ್ರಹಗಳೂ ಜಾಗ ಬಿಟ್ಟುಕೊಡ್ತವೆ," ಎಂದಳು ವಿಶಾಲೂ. ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನನಗೆ ಹಿತ್ತಲಿಗೆ ಹೋಗುವ ಮುಖವಿರಲಿಲ್ಲ. ಅವಳ ಮದುವೆ ಆಯಿತು, ತಡವಾಗಿ. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟಿಗೆ ಮೊದಲು ಅಣ್ಣನ ಕಾಯಿಲೆ ಬಡಿಸಿಯೇ ಅವಳು ಆ ಮದುವೆಯಾದದ್ದು.

ಪುಟ್ಟಸ್ವಾಮಿ ದಸರೆ ಕಳೆದ ಮೇಲೆ ಕಟ್ಟೆಗೆ ಬಂದ. ಸಣ್ಣಮ್ಮ ಸೆರಗಿನ ಗಂಟಿನಿಂದ ಎಲ್ಲರ ಎದುರಿಗೇ ಮಾತ್ರೆ ತೆಗೆದು, ಅವನ ಬಾಯಿಗೆ ಹಾಕಿ, "ನುಂಗ್ಲಾ. ನುಂಗ್ಬುಟ್ಟು ಸುತ್ತು. ಬಾಯ್ ಬುಡು, ನೋಡ್ಬೇಕು ನಾನು," ಎಂದಳು. ನನ್ನ ಕಡೆಗೂ ತಿರುಗಿ, "ನಿಮ್ದಾಯ್ತಾ ಮೇಷ್ಟ್ರೆ?" ಎಂದಳು. ಆಯಿತು ಎಂದೆ. ನಾವಿಬ್ಬರೇ ಸುತ್ತಿದೆವು, ನಾವು ಮುಗಿಸುವವರೆಗೆ ಹೆಂಗಸರು ದೂರದಲ್ಲಿ ಕಾಯುತ್ತಿದ್ದರು.

ಬೇಸಿಗೆ ಕಳೆದು ಶಾಲೆ ತೆರೆಯುವ ಹೊತ್ತಿಗೆ ಕೆಲಸಕ್ಕೆ ಹೋಗಬಹುದೆಂದು ವೈದ್ಯರು ಬರೆದುಕೊಟ್ಟರು. ಅಪ್ಪ ಮದ್ದೂರಿನವರೆಗೆ ಬಂದರು. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ, ಆ ಮಾತನ್ನು ಊರಿಗೆಲ್ಲ ಹೇಳಿದವನು ಅವರಿಗೆ ಮಾತ್ರ ಏನೂ ಹೇಳಿಲ್ಲವೆಂಬುದು ನೆನಪಾಗಿ, "ಅಪ್ಪ, ಅವತ್ತು ಇಲ್ಲಿ ಒಂದು ಏಟು..." ಎಂದೆ.

"ಎರಡು," ಎಂದರು ಅಪ್ಪ.

ನನಗೆ ಒಂದೇ ನೆನಪಿತ್ತು.

"ಮೊದಲನೆಯದಕ್ಕೆ ನಿನ್ನ ಹೆಸರು ಹಿಡಿದು ಕೂಗಿದೆ. ಆಗ ನೀನು ಇನ್ನೊಂದು ಹೊಡೆದೆ." ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದರು. ಆಮೇಲೆ ನನ್ನ ಚೀಲವನ್ನು ನನ್ನ ಕೈಗೆ ಕೊಟ್ಟು, ಮಳವಳ್ಳಿಗೆ ಹಿಂತಿರುಗುವ ಬಸ್ಸು ಹತ್ತಿ, ನಾನು ನಿಂತಿದ್ದ ಕಡೆ ಬಿಟ್ಟು ಆ ಕಡೆಯ ಕಿಟಕಿಯ ಪಕ್ಕ ಕೂತರು.

ಆಮೇಲಿನ ವರ್ಷಗಳಲ್ಲಿ ನನಗೆ ಬೇಕಾದಷ್ಟು ನೆನಪಿಗೆ ಬಂದಿದೆ. ಆ ಗೋಡೆಯ ದನಿ ಆಡಿದ ಮಾತುಗಳು, ಆ ದಿನ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಬಣ್ಣ, ಬುತ್ತಿಗೆ ಕಟ್ಟಿದ್ದ ಬಟ್ಟೆಯ ಅಂಚು ಸಹ. ಅಪ್ಪ ನನ್ನ ಹೆಸರು ಹಿಡಿದು ಕೂಗಿದ್ದು ಮಾತ್ರ ಬಂದಿಲ್ಲ.